ದಾದರದಿಂದ ತಾಂಬ್ಡಿ ಸುರ್ಲಾಕ್ಕೆ: ಬಸ್ಸಿನ ಹೆಸರು ಹಿಡಿದು ನಾಲ್ಕು ದಿನ

ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದ ನಾನು, ಪ್ರತಿ ವರ್ಷ ಕದಂಬರ ಪಾಠ ಬಂದಾಗ ಮಕ್ಕಳಿಗೆ ತಪ್ಪದೆ ಒಂದು ಮಾತು ಹೇಳುತ್ತಿದ್ದೆ. ಬನವಾಸಿಯಲ್ಲಿ ಮಯೂರಶರ್ಮ ಕಟ್ಟಿದ ರಾಜ್ಯ ಅಳಿದು ಶತಮಾನಗಳೇ ಕಳೆದಿದ್ದರೂ ಆ ಮನೆತನದ ಹೆಸರು ಗೋವೆಯ ಸರಕಾರಿ ಬಸ್ಸಿನ ಮೇಲೆ ಇಂದಿಗೂ ಊರೂರು ಸುತ್ತುತ್ತಿದೆ ಎಂಬುದೇ ಆ ಮಾತು. ಮಕ್ಕಳ ಕಣ್ಣು ಅರಳುತ್ತಿತ್ತು. ಹೇಳುತ್ತಿದ್ದ ನಾನು ಮಾತ್ರ ಆ ಬಸ್ಸನ್ನು ಒಮ್ಮೆಯೂ ಹತ್ತಿರಲಿಲ್ಲ. ನಾನು ಹುಟ್ಟಿದ್ದು ಶಿರಸಿ ತಾಲ್ಲೂಕಿನಲ್ಲಿ, ಬನವಾಸಿಯ ತೇರಿಗೆ ಗದ್ದೆಯ ಬದುವಿನ ಮೇಲೆ ನಡೆದು ಹೋಗುತ್ತಿದ್ದ ಹಳ್ಳಿಯಲ್ಲಿ. ಹೀಗಾಗಿ ಈ ಕೊರತೆ ಬರೀ ಪಾಠಕ್ಕೆ ಸಂಬಂಧಿಸಿದ್ದಾಗಿರಲಿಲ್ಲ.

ನಿವೃತ್ತಿಯ ಮರುವರ್ಷದ ಶ್ರಾವಣದಲ್ಲಿ ಪುಣೆಯಲ್ಲಿರುವ ತಮ್ಮನನ್ನು ಜೊತೆಗಿಟ್ಟುಕೊಂಡು ಹೊರಟೆ. ಸಾಧ್ಯವಾದ ಮಟ್ಟಿಗೂ ಸರಕಾರಿ ಬಸ್ಸಿನಲ್ಲಿಯೇ ಪ್ರಯಾಣ, ಗೋವೆಯೊಳಗೆ ಕದಂಬ ಸಾರಿಗೆ, ಕೊನೆಗೆ ಕದಂಬರ ಕಾಲದ ತಾಂಬ್ಡಿ ಸುರ್ಲಾ ದೇವಾಲಯ ಎಂಬುದು ನಮ್ಮ ನಿಶ್ಚಯವಾಗಿತ್ತು.

ಮೊದಲ ದಿನ: ದಾದರ, ಘಾಟಿ, ಪುಣೆ

ದಾದರ ಪೂರ್ವದಲ್ಲಿ ಪುಣೆಯ ಬಸ್ಸು ಹೊರಡುವ ಜಾಗವನ್ನು ಜನ ಇಂದಿಗೂ 'ಏಷ್ಯಾಡ್' ಎಂದೇ ಕರೆಯುತ್ತಾರೆ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಓಡಿದ ಬಸ್ಸುಗಳನ್ನು ಆಮೇಲೆ ಮಹಾರಾಷ್ಟ್ರದ ರಾಜ್ಯ ಸಾರಿಗೆ ನಿಗಮ, ಅಂದರೆ ಜನರ ಬಾಯಲ್ಲಿ ಎಸ್‌ಟಿ, ತೆಗೆದುಕೊಂಡಿತು. ಮುಂದೆ ಅದೇ ಬಗೆಯ ಬಸ್ಸುಗಳಿಗೆ 'ಹಿರಕಣಿ' ಎಂದು ನಾಮಕರಣವಾದರೂ ಹಳೆಯ ಹೆಸರು ಬಾಯಿಂದ ಹೋಗಲಿಲ್ಲ. ಹಿರಕಣಿ ಎಂದರೆ ರಾಯಗಡದ ಕೋಟೆಗೆ ಹಾಲು ಮಾರಲು ಹೋಗಿ, ಬಾಗಿಲು ಮುಚ್ಚಿದ ಮೇಲೆ ಮನೆಯಲ್ಲಿದ್ದ ಹಸುಗೂಸಿಗಾಗಿ ಕಡಿದಾದ ಬಂಡೆಯನ್ನು ಕತ್ತಲಲ್ಲಿ ಇಳಿದು ಬಂದಳೆಂದು ಕಥೆಯಿರುವ ತಾಯಿ. ನಾವು ಹತ್ತಿದ ಬಸ್ಸಿನ ಹೆಸರು 'ಶಿವನೇರಿ', ಶಿವಾಜಿ ಹುಟ್ಟಿದ ಕೋಟೆಯದು. ಬಸ್ಸಿಗೆ ಹೆಸರಿಡುವಾಗ ಒಂದು ನಾಡು ಯಾರನ್ನು ನೆನೆಯುತ್ತದೆ ಎಂಬುದನ್ನು ಗಮನಿಸುತ್ತ ಹೋಗಬೇಕೆಂದು ನನಗನ್ನಿಸಿದ್ದು ಆ ನಿಲ್ದಾಣದಲ್ಲಿಯೇ.

2023ರ ಮಾರ್ಚಿನಿಂದ ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ಟು. ಶಿವನೇರಿಯಂತಹ ಹವಾನಿಯಂತ್ರಿತ ಬಸ್ಸಿಗೂ ಅದು ಅನ್ವಯಿಸುತ್ತದೆ, ಆದರೆ ಮಹಾರಾಷ್ಟ್ರದ ಗಡಿಯವರೆಗೆ ಮಾತ್ರ. ಅದೇ ವರ್ಷದಿಂದ ಈ ದಾರಿಗೆ ವಿದ್ಯುತ್ ಶಿವನೇರಿಗಳೂ ಬಂದಿವೆ, ಮತ್ತು ನಮಗೆ ಸಿಕ್ಕಿದ್ದು ಅಂತಹುದೇ ಒಂದು. ಎಂಜಿನ್ನಿನ ಗುಡುಗಿಲ್ಲದ ಬಸ್ಸಿನಲ್ಲಿ ಹಿಂದಿನ ಸಾಲಿನವರ ಮನೆ ಮಾತೆಲ್ಲ ಕಿವಿಗೆ ಬೀಳುತ್ತದೆ ಎಂಬುದು ನನಗೆ ಹೊಸ ಅನುಭವ. ಚೆಂಬೂರು, ವಾಶಿ, ಪನವೇಲ್ ದಾಟಿ ಎಕ್ಸ್‌ಪ್ರೆಸ್ ಹೆದ್ದಾರಿ ಹಿಡಿಯುವ ಹೊತ್ತಿಗೆ ಮಳೆ ಬಲವಾಯಿತು.

94.5 ಕಿಲೋಮೀಟರ್ ಉದ್ದದ, 2002ರಲ್ಲಿ ಪೂರ್ತಿಯಾಗಿ ತೆರೆದ ಈ ಆರು ಪಥದ ಕಾಂಕ್ರೀಟ್ ರಸ್ತೆಯಲ್ಲಿ ಎಷ್ಟು ಸಲ ಹೋಗಿದ್ದರೂ, ಮಳೆಗಾಲದ ಬೋರ್ ಘಾಟಿಯನ್ನು ಬಸ್ಸಿನ ಎತ್ತರದ ಕಿಟಕಿಯಿಂದ ನೋಡುವುದೇ ಬೇರೆ. ಕಾರಿನಲ್ಲಿ ತಡೆಗೋಡೆಗೆ ಮರೆಯಾಗುವ ಕಣಿವೆ ಇಲ್ಲಿ ಪೂರ್ತಿ ಕಾಣುತ್ತದೆ. ಕಪ್ಪು ಬಂಡೆಯ ಮೇಲೆ ನೀರು ಒಂದೆಡೆ ನೂಲಿನಂತೆಯೂ ಇನ್ನೊಂದೆಡೆ ಸೆರಗಿನಂತೆಯೂ ಇಳಿಯುತ್ತಿತ್ತು. ಖಂಡಾಲಾದ ಬಳಿ ರಸ್ತೆಗೆ ಅಡ್ಡಲಾಗಿ ನಿಂತಿದ್ದ ಅಮೃತಾಂಜನ್ ಸೇತುವೆಯನ್ನು ನನ್ನ ಕಣ್ಣು ಅಭ್ಯಾಸಬಲದಿಂದ ಹುಡುಕಿತು. 1830ರಲ್ಲಿ ಕಟ್ಟಿದ, ತಲೆನೋವಿನ ಮುಲಾಮಿನ ಜಾಹೀರಾತಿನಿಂದ ಹೆಸರು ಪಡೆದ ಆ ಸೇತುವೆಯನ್ನು 2020ರ ಏಪ್ರಿಲಿನಲ್ಲಿ ಕೆಡವಿದರು. ಮಕ್ಕಳನ್ನು ಶಾಲೆಯಿಂದ ಪ್ರವಾಸಕ್ಕೆ ಕರೆದೊಯ್ಯುವಾಗ ಅದು ಕಂಡೊಡನೆ ಬಸ್ಸಿಡೀ ಕೂಗುತ್ತಿದ್ದ ನೆನಪು ಬಂದು ಮನಸ್ಸು ಸ್ವಲ್ಪ ಭಾರವಾಯಿತು.

ಪುಣೆಯ ಸ್ವಾರ್‌ಗೇಟ್ ನಿಲ್ದಾಣದಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು. ಛತ್ರಿ ಹಿಡಿದು ಕಾಯುತ್ತಿದ್ದ ತಮ್ಮನ ಹಿಂದೆ, ಮಳೆಯಲ್ಲಿ ತೊಯ್ದು ಇನ್ನೂ ಕೆಂಪಾಗಿ ಹೊಳೆಯುವ 'ಲಾಲ್ ಪರಿ'ಗಳು, ಅಂದರೆ ಎಸ್‌ಟಿಯ ಸಾಮಾನ್ಯ ಬಸ್ಸುಗಳು, ಸಾಲಾಗಿ ನಿಂತಿದ್ದವು. ಎಸ್‌ಟಿಯ ಮೊದಲ ಬಸ್ಸು ಹೊರಟದ್ದು ಇದೇ ಪುಣೆ ನಗರದಿಂದ, 1948ರ ಜೂನ್ 1ರಂದು, ಇಂದು ಅಹಿಲ್ಯಾನಗರವೆಂದು ಕರೆಯುವ ಅಹಮದ್‌ನಗರಕ್ಕೆ. ಕೆಂಪು ಬಸ್ಸುಗಳ ನಡುವೆ ಕನ್ನಡದ ಫಲಕ ಹೊತ್ತ ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸೊಂದು ನಿಂತಿತ್ತು. ಅದರ ಬಾಗಿಲಲ್ಲಿ "ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ" ಎಂದು ಕೂಗುತ್ತಿದ್ದ ನಿರ್ವಾಹಕರ ದನಿ ಕೇಳಿ, ಯಾವ ಕಾರಣವೂ ಇಲ್ಲದೆ ನಾನು ಅಲ್ಲಿ ಎರಡು ನಿಮಿಷ ನಿಂತೆ.

ಪಣಜಿಗೆ ಹೋಗುವ ಎಸ್‌ಟಿಯಲ್ಲಿ ಜಾಗ ಸಿಗದೆ, ರಾತ್ರಿಯ ಒಂದು ಖಾಸಗಿ ಸ್ಲೀಪರ್ ಕೋಚನ್ನು ಒಪ್ಪಿಕೊಳ್ಳಬೇಕಾಯಿತು. ನಮ್ಮ ನಿಶ್ಚಯ ತಪ್ಪಿದ್ದು ಅಲ್ಲೊಂದೇ ಕಡೆ, ತೊಂದರೆಯಾದದ್ದೂ ಅಲ್ಲೊಂದೇ ಕಡೆ. ಸ್ವಾರ್‌ಗೇಟಿನಲ್ಲಿ ಹತ್ತಬೇಕೆಂದು ಚೀಟಿಯಲ್ಲಿ ಬರೆದಿದ್ದ ಬಸ್ಸು, ಹೊರಡುವುದಕ್ಕೆ ಅರ್ಧ ಗಂಟೆ ಇರುವಾಗ ನವಲೆ ಸೇತುವೆಯ ಬಳಿ ಬರುವುದಾಗಿ ಸಂದೇಶ ಕಳುಹಿಸಿತು. ಮಳೆಯಲ್ಲಿ ರಿಕ್ಷಾ ಹಿಡಿದು ಅಲ್ಲಿಗೆ ಹೋಗಿ ನಿಂತವರಿಗೆ ಅದು ಕಂಡದ್ದು ಒಂದೂಮುಕ್ಕಾಲು ಗಂಟೆ ತಡವಾಗಿ. ಒಳಗೆ ನನ್ನ ಮೇಲಿನ ಬರ್ತಿನಲ್ಲಿ ಎಸಿಯ ಕಿಂಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕ್ಲೀನರ್ ಹುಡುಗ ಹಳೆಯ ಪತ್ರಿಕೆಗಳನ್ನು ಮಡಚಿ ಕಿಂಡಿಗೆ ತುರುಕಿ, "ಇನ್ನು ಬರಲ್ಲ ಮಾವಶಿ" ಎಂದು ಮರಾಠಿಯಲ್ಲಿ ಧೈರ್ಯ ಹೇಳಿ ಹೋದ. ಅದು ಸಾತಾರಾದವರೆಗೂ ನಿಲ್ಲಲಿಲ್ಲ. ತಮ್ಮ ತನ್ನ ಕೆಳಗಿನ ಬರ್ತನ್ನು ನನಗೆ ಬಿಟ್ಟುಕೊಟ್ಟು ತಾನು ಮೇಲೆ ಕೊಡೆ ಬಿಚ್ಚಿಕೊಂಡು ಮಲಗಿದ. ಈ ದಾರಿಯಲ್ಲಿ ಹೋಗುವವರು ಕೆಳಗಿನ, ಅದೂ ನಡುಭಾಗದ ಬರ್ತನ್ನೇ ಕೇಳಿಕೊಳ್ಳುವುದು ಲೇಸು. ಘಾಟಿಯ ತಿರುವುಗಳಲ್ಲಿ ಮೇಲಿನ ಬರ್ತು ತೊಟ್ಟಿಲಿನಂತೆ ತೂಗುತ್ತದೆ, ಹಿಂಚಕ್ರದ ಮೇಲಿನವು ಕುಲುಕುತ್ತವೆ. ಹತ್ತುವ ಜಾಗ ಬದಲಾಗುವುದು ಇಂತಹ ಬಸ್ಸುಗಳಲ್ಲಿ ಸಾಮಾನ್ಯವೆಂದು ಜೊತೆಯ ಪ್ರಯಾಣಿಕರು ಹೇಳಿದರು. ಆದ್ದರಿಂದ ಹೊರಡುವ ಮುನ್ನ ಬಸ್ಸಿನೊಳಗಿನವರ ಫೋನ್ ಸಂಖ್ಯೆಯನ್ನು ಕೇಳಿ ಪಡೆದಿಟ್ಟುಕೊಳ್ಳಬೇಕು. ಕಚೇರಿಯ ಸಂಖ್ಯೆಗೆ ರಾತ್ರಿ ಉತ್ತರ ಸಿಗುವುದಿಲ್ಲ.

ಎರಡನೆಯ ದಿನ: ಆಂಬೋಲಿಯ ಮಂಜು, ಪಣಜಿಯ ಸಿಂಹ, ಚಾಂದೋರಿನ ನಂದಿ

ನಿಪ್ಪಾಣಿಯ ಆಸುಪಾಸಿನಲ್ಲಿ ಎಚ್ಚರವಾದಾಗ ಕನ್ನಡದ ಅಂಗಡಿ ಫಲಕಗಳು ಒಂದಿಷ್ಟು ಹೊತ್ತು ಕಂಡು ಮತ್ತೆ ಮರಾಠಿಗೆ ತಿರುಗಿದವು. ಬೆಳಕು ಹರಿಯುವಾಗ ಬಸ್ಸು ಆಜರಾ ದಾಟಿ ಆಂಬೋಲಿಗೆ ಬಂದಿತ್ತು. ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಊರುಗಳಲ್ಲಿ ಇದೂ ಒಂದು. ರಸ್ತೆ, ಮರ, ಅಂಗಡಿ ಎಲ್ಲವೂ ಹಾಲಿನೊಳಗೆ ಅದ್ದಿದಂತಿತ್ತು. ಚಹದಂಗಡಿಯಲ್ಲಿ ಬಿಸಿ ಕಾಂದಾಭಜಿ ಕೊಟ್ಟ ಹೆಂಗಸು, ಹಿರಣ್ಯಕೇಶಿ ಹುಟ್ಟುವ ಜಾಗ ಇಲ್ಲಿಂದ ಹತ್ತಿರವೇ ಇದೆ, ನೋಡದೆ ಹೋಗುವಿರಾ ಎಂದು ಕೇಳಿದಳು. ಘಟಪ್ರಭೆಯನ್ನು ಸೇರುವ ಆ ನದಿಯ ಮೂಲವನ್ನು ನೋಡಬೇಕೆಂಬ ಆಸೆಯಿದ್ದರೂ ಬಸ್ಸು ಕೇಳಬೇಕಲ್ಲ. ಘಾಟಿ ಇಳಿಯುವಾಗ ಚಾಲಕರು ಎದುರಿನ ವಾಹನದ ದೀಪ ಕಂಡೊಡನೆ ಅಂಚಿಗೆ ಸರಿದು ನಿಂತು ದಾರಿ ಬಿಡುತ್ತಿದ್ದ ತಾಳ್ಮೆಯನ್ನು ಕಂಡು, ರಾತ್ರಿಯ ಬೇಸರ ಬಹುಮಟ್ಟಿಗೆ ಕರಗಿತು. ಕಂಪನಿಯ ವ್ಯವಸ್ಥೆ ಹೇಗೇ ಇರಲಿ, ಚಾಲಕರು ಪಳಗಿದವರಾಗಿದ್ದರು.

ಸಾವಂತವಾಡಿ, ಬಾಂದಾ, ಮ್ಹಾಪ್ಸಾ ಆಗಿ ಮಾಂಡವಿಯ ಸೇತುವೆ ದಾಟಿದರೆ ಪಣಜಿ. ಲಾಡ್ಜಿನಲ್ಲಿ ಸ್ನಾನ ಮುಗಿಸಿ, ಪಾವ್ ಮತ್ತು ಪಾತಳ ಭಾಜಿ ತಿಂದು, ಹತ್ತು ಗಂಟೆಯ ಹೊತ್ತಿಗೆ ಪಾಟ್ಟೋದ ಕದಂಬ ನಿಲ್ದಾಣಕ್ಕೆ ನಡೆದು ಹೋದೆವು.

ಅಲ್ಲಿ ಬಸ್ಸಿನ ಮೈಮೇಲೆ ಸಿಂಹವನ್ನು ಕಂಡೆ. ಗೋವೆಯ ಕದಂಬ ಅರಸರು ತಮ್ಮ ಶಾಸನಗಳಲ್ಲಿ ತಮ್ಮನ್ನು ಬನವಾಸಿಪುರವರಾಧೀಶ್ವರರೆಂದು ಕರೆದುಕೊಂಡರು. ಅವರ ಧ್ವಜದಲ್ಲಿ ವಾನರ, ಲಾಂಛನದಲ್ಲಿ ಸಿಂಹ. ಅದೇ ಸಿಂಹ ಇಂದು ಟಿಕೆಟ್ಟು ಹರಿಯುವ ಬಸ್ಸಿನ ಮೇಲಿದೆ. ಗೋವೆಯಲ್ಲಿ ಸರಕಾರಿ ಬಸ್ಸು ಬಂದದ್ದೇ ತಡವಾಗಿ. ಪೋರ್ಚುಗೀಸರು 1961ರಲ್ಲಿ ಹೋದ ಮೇಲೂ ಬಹುಕಾಲ ಬಸ್ಸು ಖಾಸಗಿಯವರ ಕೈಯಲ್ಲಿತ್ತು. 1970ರ ದಶಕದ ಕೊನೆಯಲ್ಲಿ ಅಲ್ಲಿನ ವಿದ್ಯಾರ್ಥಿಗಳು ಬಸ್ ದರದಲ್ಲಿ ಅರ್ಧ ರಿಯಾಯಿತಿ ಬೇಕೆಂದು ಬೀದಿಗಿಳಿದರು, ಆ ಚಳವಳಿಯ ಬೆನ್ನಿಗೆ 1980ರಲ್ಲಿ ಕದಂಬ ಸಾರಿಗೆ ನಿಗಮ ಸ್ಥಾಪನೆಯಾಯಿತು. ಶಾಲೆಗೆ ಹೋಗುವ ಮಕ್ಕಳು ಕೇಳಿ ಪಡೆದ ಬಸ್ಸು ಎಂಬ ಈ ಸಂಗತಿಯನ್ನು ನಾನು ತರಗತಿಯಲ್ಲಿ ಹೇಳದೆ ಹೋದೆನಲ್ಲ ಎಂದು ಈಗ ಪಶ್ಚಾತ್ತಾಪವಾಗುತ್ತದೆ. ಕಾರವಾರದ ನೌಕಾನೆಲೆಗೂ ಕದಂಬರದೇ ಹೆಸರು. ಆದರೆ ಸಾಮಾನ್ಯ ಜನ ದಿನವೂ ಉಚ್ಚರಿಸುವುದು ಬಸ್ಸಿನಲ್ಲಿ. "ಕದಂಬ ಬಂತೇ?", "ಕದಂಬ ಹೋಯಿತೇ?" ಎಂದು ಕೊಂಕಣಿಯಲ್ಲಿ ಕೇಳುವ ಮುದುಕಿಯ ಬಾಯಲ್ಲಿ ಆ ಪದವನ್ನು ಕೇಳಿದ ಸುಖವನ್ನು ಹೇಗೆ ಬರೆಯಲಿ!

ಪಣಜಿಯಿಂದ ಮಡಗಾಂವಿಗೆ ಕದಂಬದ ಶಟಲ್ ಬಸ್ಸುಗಳಿವೆ. ಬಸ್ಸಿನಲ್ಲಿ ನಿರ್ವಾಹಕರಿರುವುದಿಲ್ಲ. ಮೊದಲು ಕೌಂಟರಿನಲ್ಲಿ ಚೀಟಿ ಪಡೆದು ಸಾಲಿನಲ್ಲಿ ನಿಲ್ಲಬೇಕು, ಬಸ್ಸು ತುಂಬಿದೊಡನೆ ಹೊರಡುತ್ತದೆ, ನಡುವೆ ಎಲ್ಲಿಯೂ ನಿಲ್ಲುವುದಿಲ್ಲ. ಪಕ್ಕದಲ್ಲೇ ಖಾಸಗಿ ಬಸ್ಸುಗಳ ಹುಡುಗರು "ಮಡಗಾಂವ್, ಮಡಗಾಂವ್" ಎಂದು ಕೂಗಿ ಕೂಗಿ, ಹತ್ತಿದವರನ್ನೆಲ್ಲ "ಫುಡೆಂ ವಚ, ಫುಡೆಂ ವಚ" ಎಂದು ಮುಂದೆ ಮುಂದೆ ತಳ್ಳುತ್ತಿದ್ದರು. ನಾವು ಸಾಲಿನಲ್ಲಿ ನಿಂತಿದ್ದಾಗ ಹಿಂದೆ ನಿಂತಿದ್ದ ನಡುವಯಸ್ಸಿನ ಒಬ್ಬರು ನಮ್ಮ ಮಾತು ಕೇಳಿ, "ಕನ್ನಡದವ್ರೇನ್ರಿ ಅವ್ವಾರ? ಯಾವೂರು ನಿಮ್ಮದು?" ಎಂದು ವಿಚಾರಿಸಿದರು. ಬಾದಾಮಿ ತಾಲ್ಲೂಕಿನ ಗೌಂಡಿ ಅವರು. ಹದಿನೆಂಟು ವರ್ಷದಿಂದ ಗೋವೆಯಲ್ಲಿ ಮನೆ ಕಟ್ಟುವ ಕೆಲಸ. ಬಸ್ಸಿನಲ್ಲಿ ನಮ್ಮ ಪಕ್ಕದಲ್ಲೇ ಕುಳಿತರು.

ಬಾಂಬೋಳಿಯ ಇಳಿಜಾರು ದಾಟಿದ ಮೇಲೆ ನಾನು ಕಿಟಕಿಗೆ ಮುಖ ಒತ್ತಿಕೊಂಡೆ. ಮುಂದೆ ಬರುವ ಊರು ಗೋವಾ ವೆಲ್ಹಾ. ಇಗರ್ಜಿಗಳಿಗೆ ಹೆಸರಾದ ಓಲ್ಡ್ ಗೋವಾ ಬೇರೆ, ಇದು ಬೇರೆ. ಹೆಸರಿನ ಅರ್ಥ ಒಂದೇ ಆದ್ದರಿಂದ ಹೊಸಬರು ತಪ್ಪು ಬಸ್ಸು ಹತ್ತುವುದುಂಟು. 11ನೆಯ ಶತಮಾನದಲ್ಲಿ ಒಂದನೆಯ ಜಯಕೇಶಿ ತನ್ನ ರಾಜಧಾನಿಯನ್ನು ಚಂದ್ರಪುರದಿಂದ ತಂದು ನೆಲೆಗೊಳಿಸಿದ ಗೋಪಕಪಟ್ಟಣ ಇದ್ದುದು ಇಲ್ಲಿ, ಜುವಾರಿ ನದಿಯ ದಂಡೆಯಲ್ಲಿ. ಹಡಗುಗಳು ಬಂದು ನಿಲ್ಲುತ್ತಿದ್ದ ಬಂದರಿನ ಕಟ್ಟೆಯ ಕಲ್ಲುಗಳು ಕೆಲವು ಇನ್ನೂ ಉಳಿದಿವೆ. ಕದಂಬರ ಹೆಸರಿನ ಬಸ್ಸು ಕದಂಬರ ರಾಜಧಾನಿಯ ನಡುವೆಯೇ, ವೇಗವನ್ನು ಒಂದಿಷ್ಟೂ ತಗ್ಗಿಸದೆ ಹಾದುಹೋಯಿತು. ಇಲ್ಲಿ ಇಳಿಯಬಹುದಿತ್ತಲ್ಲ ಎಂದು ನಾನು ಹಳಹಳಿಸಿದಾಗ ಗೌಂಡಿಯವರು, "ಈ ಗಾಡಿ ನಡುವ ನಿಂದರೂದಿಲ್ರಿ ಅವ್ವಾರ. ಇಳಿಯೂದಿತ್ತಂದ್ರ ಪ್ರೈವೇಟ್ ಹತ್ತಬೇಕು. ಏನೈತ್ರಿ ಅಲ್ಲಿ?" ಎಂದರು. ನಾನು ಗೋಪಕಪಟ್ಟಣದ ಕಥೆ ಹೇಳಿದೆ. ಇಮ್ಮಡಿ ಜಯಕೇಶಿಯು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಳದೇವಿಯನ್ನು ಮದುವೆಯಾದದ್ದನ್ನೂ ಹೇಳಿದೆ. ಅವರು ಕೇಳುತ್ತ ಕೇಳುತ್ತ, "ಹಂಗಾರ ನಾವು ಈಗ ಬಂದವ್ರಲ್ಲ ಬಿಡ್ರಿ ಇಲ್ಲಿಗೆ" ಎಂದು ಮೆಲ್ಲಗೆ ನುಡಿದರು. ಜುವಾರಿಯ ಹೊಸ ಸೇತುವೆಯ ಮೇಲೆ ಮಳೆ ಅಡ್ಡಡ್ಡವಾಗಿ ಹೊಡೆಯುತ್ತಿತ್ತು. ಆ ಸೇತುವೆಗೂ ತಾನು ಒಂದು ವರ್ಷ ಕೆಲಸ ಮಾಡಿದ್ದಾಗಿ ಅವರು ಬೆರಳು ತೋರಿಸಿದರು. ಮಗ ಇಲ್ಲೇ ಹುಟ್ಟಿದವನು, ಕೊಂಕಣಿ ಚೆನ್ನಾಗಿ ಮಾತನಾಡುತ್ತಾನೆ, ಕನ್ನಡ ಮನೆಯೊಳಗೆ ಮಾತ್ರ, ಓದಲು ಬಾರದು ಎಂದರು. ನನ್ನ ಚೀಲದಲ್ಲಿದ್ದ ಪೆನ್ನಿನಿಂದ ಅವರ ಮಗನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬಸ್ಸಿನ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟೆ. ಅದನ್ನು ಅವರು ಮಡಿಸದೆ ಜೇಬಿನಲ್ಲಿಟ್ಟುಕೊಂಡರು.

ಮಡಗಾಂವಿನಿಂದ ಚಾಂದೋರಿಗೆ ಹಳ್ಳಿಯ ಬಸ್ಸು. ಗದ್ದೆಗಳ ನಡುವಿನ ರಸ್ತೆ, ನೀರು ತುಂಬಿ ಹಸಿರು ಉಕ್ಕಿದ ನೆಲ, ಅಲ್ಲಲ್ಲಿ ಬಿಳಿಯ ಶಿಲುಬೆ. ಚಾಂದೋರೇ ಹಿಂದಿನ ಚಂದ್ರಪುರ. ಜನ ಬರುವುದು ಇಲ್ಲಿನ ಹಳೆಯ ಪೋರ್ಚುಗೀಸ್ ಕಾಲದ ಮನೆತನದ ಬಂಗಲೆಯನ್ನು ನೋಡಲು. ಕದಂಬರ ಜಾಗವನ್ನು ಕೇಳಿದರೆ ಮೂವರಲ್ಲಿ ಒಬ್ಬರಿಗೆ ಗೊತ್ತು. 'ಕೋಟ್' ಎಂದು ಕೇಳಿದ ಮೇಲೆ ದಾರಿ ಸಿಕ್ಕಿತು. ಬೇಲಿಯೊಳಗೆ ಇಟ್ಟಿಗೆಯ ದೇಗುಲದ ತಳಪಾಯ, ಅದರ ಬಳಿ ತಲೆಯಿಲ್ಲದ ಒಂದು ನಂದಿ. 1929ರಲ್ಲಿ ಇಲ್ಲಿ ಅಗೆಸಿ ನೋಡಿದವರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಇತಿಹಾಸಕಾರ, ಪಾದ್ರಿ ಹೆನ್ರಿ ಹೆರಾಸ್. ನಾನು ಓದಿ ಬೆಳೆದ ನಗರದಿಂದ ಒಬ್ಬರು ಅಷ್ಟು ಹಿಂದೆಯೇ ಇಲ್ಲಿಗೆ ಬಂದಿದ್ದರೆಂಬುದು ನನಗೆ ಸಮಾಧಾನ ಕೊಟ್ಟಿತು. ಬನವಾಸಿಯ ಮಧುಕೇಶ್ವರನ ಮುಂದಿನ ದೊಡ್ಡ ನಂದಿ ಒಂದು ಕಣ್ಣಿನಿಂದ ಶಿವನನ್ನೂ ಇನ್ನೊಂದರಿಂದ ಪಾರ್ವತಿಯನ್ನೂ ನೋಡುತ್ತದೆಂದು ನಮ್ಮ ಅಜ್ಜಿ ತೋರಿಸುತ್ತಿದ್ದರು. ಇಲ್ಲಿ ನೋಡುವ ಕಣ್ಣೇ ಇಲ್ಲ. ಮಳೆನೀರು ಅದರ ಬೆನ್ನಿನ ಗಂಟೆಸರದ ಕೆತ್ತನೆಯಲ್ಲಿ ನಿಂತು, ತುಂಬಿ, ಕೆಳಗಿಳಿಯುತ್ತಿತ್ತು.

ಸಂಜೆ ಮಡಗಾಂವಿನ ಶಟಲ್ ಸಾಲು ಬಹಳ ಉದ್ದವಿತ್ತು. ರಾತ್ರಿ ಎಂಟರ ಹೊತ್ತಿಗೆ ಶಟಲ್ ಮುಗಿಯುತ್ತದೆಂದು ಕೌಂಟರಿನಲ್ಲಿ ಹೇಳಿದ್ದರಿಂದ ನಾವು ಆರಕ್ಕೇ ಬಂದು ನಿಂತದ್ದು ಒಳ್ಳೆಯದಾಯಿತು.

ಮೂರನೆಯ ದಿನ: ತಾಂಬ್ಡಿ ಸುರ್ಲಾ

ಪಣಜಿಯಿಂದ ಫೋಂಡಾಕ್ಕೆ ಬಸ್ಸಿಗೆ ಬರವಿಲ್ಲ. ಫೋಂಡಾದಿಂದ ಮೊಲೆಂ ಕಡೆಗೆ ಕದಂಬ ಸಿಗುತ್ತದೆ. ಮೊಲೆಂನಿಂದ ದೇವಾಲಯಕ್ಕೆ ಇನ್ನೂ ಹತ್ತು-ಹನ್ನೆರಡು ಕಿಲೋಮೀಟರ್, ಅಲ್ಲಿಗೆ ಬಸ್ಸನ್ನು ನಂಬಿಕೊಂಡು ಹೋಗುವಂತಿಲ್ಲ. ಒಬ್ಬರೇ ಹೋಗುವವರಾದರೆ 'ಪೈಲಟ್' ಎಂದು ಗೋವೆಯಲ್ಲಿ ಕರೆಯುವ ಬಾಡಿಗೆ ಮೋಟರ್‌ಸೈಕಲ್ ಸಾಕು. ನಾವಿಬ್ಬರಿದ್ದುದರಿಂದ ರಿಕ್ಷಾ ಗೊತ್ತುಮಾಡಿ, ಕಾಯುವ ಹಣವನ್ನೂ ಸೇರಿಸಿ ಮೊದಲೇ ಮಾತಾಡಿಕೊಂಡೆವು. ಹಾಗೆ ಮಾಡದಿದ್ದರೆ ಮರಳಿ ಬರಲು ಅಲ್ಲಿ ವಾಹನವೂ ಇಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ.

ಕಾಡಿನ ರಸ್ತೆ. ಎರಡು ಕಡೆ ಹಬ್ಬಿದ ಮರಗಳು ಮೇಲೆ ಕೂಡಿಕೊಂಡು ಹಗಲಲ್ಲೇ ಮಬ್ಬು. ಕೆಂಪು ಮಣ್ಣು ರಸ್ತೆಗೆ ಇಳಿದು ನೀರೆಲ್ಲ ಕುಂಕುಮ ಕದಡಿದಂತಾಗಿತ್ತು. ತಾಂಬ್ಡಿ ಎಂದರೆ ಕೊಂಕಣಿಯಲ್ಲಿ ಕೆಂಪು ಎಂಬುದನ್ನು ನೆಲವೇ ಹೇಳುತ್ತಿತ್ತು. ತುದಿಯಲ್ಲಿ ಇಳಿದು ತುಂಬಿದ ಹೊಳೆಯ ಸದ್ದು ಕೇಳುತ್ತ ನಡೆದರೆ, ಹಸಿರು ಬಯಲಿನ ನಡುವೆ ಕರಿಯ ಕಲ್ಲಿನ ದೇವಾಲಯ ಪೂರ್ವಕ್ಕೆ ಮುಖ ಮಾಡಿ ಕುಳಿತಿತ್ತು. ಅದು ಎತ್ತರವಾದುದಲ್ಲ. ಆದರೆ ಕೆಂಪು ನಾಡಿನಲ್ಲಿ ಆ ಕಪ್ಪು ಎದ್ದು ಕಾಣುತ್ತದೆ. ಗೋವೆಯ ಜಂಬಿಟ್ಟಿಗೆಯ ಕಲ್ಲು ಗೋಡೆಗೆ ಸರಿ, ಸೂಕ್ಷ್ಮ ಕೆತ್ತನೆಗೆ ಒಗ್ಗದು. ಅದಕ್ಕೆ ಘಟ್ಟದ ಮೇಲಿನಿಂದ ಈ ಕಪ್ಪು ಬಸಾಲ್ಟ್ ಕಲ್ಲನ್ನು ಇಳಿಸಿ ತಂದರೆಂದು ಹೇಳುತ್ತಾರೆ. ಇಂದು ಖಾಲಿ ಬಸ್ಸು ಹತ್ತಲು ಏದುಸಿರು ಬಿಡುವ ಘಟ್ಟದಲ್ಲಿ ಆ ಕಲ್ಲುಗಳನ್ನು ಹೇಗೆ ಇಳಿಸಿದರೋ ಎಂದು ತಮ್ಮ ಮತ್ತೆ ಮತ್ತೆ ಕೇಳುತ್ತಿದ್ದ.

ಹನ್ನೆರಡು-ಹದಿಮೂರನೆಯ ಶತಮಾನದ ಈ ಮಹಾದೇವ ದೇವಾಲಯಕ್ಕೆ ಗರ್ಭಗುಡಿ, ಅಂತರಾಳ, ಕಂಬಗಳ ಮಂಟಪ. ಮಂಟಪದ ನಡುವೆ ಮೇಲೆ ನೋಡಿದರೆ ಕಲ್ಲಿನಲ್ಲಿ ಅರಳಿದ ಕಮಲ, ಕೆಳಗೆ ಇಲ್ಲಿಯೂ ತಲೆ ಒಡೆದ ನಂದಿ. ಒಂದು ಕಂಬದ ಬುಡದಲ್ಲಿ ಆನೆಯೊಂದು ಕುದುರೆಯನ್ನು ತುಳಿಯುತ್ತಿರುವ ಪುಟ್ಟ ಕೆತ್ತನೆಯಿದೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕುಳಿತು ನೋಡಿದರೆ ಮಾತ್ರ ಸಿಗುತ್ತದೆ. ಕಂಬಗಳ ನಯ, ಒರಗಲು ಕಟ್ಟಿದ ಕಕ್ಷಾಸನ, ಎಲ್ಲವೂ ಘಟ್ಟದ ಮೇಲಿನ ನಮ್ಮ ಕಡೆಯ ಗುಡಿಗಳ ಕೈವಾಡವೇ. ಗೋವೆಯಲ್ಲಿ ಕದಂಬರ ಕಾಲದಿಂದ ಹೀಗೆ ನಿಂತು ಉಳಿದ ಗುಡಿ ಇದೊಂದೇ. ಕಾಡು ಮುಚ್ಚಿ ಕಾಪಾಡಿತು ಎನ್ನುತ್ತಾರೆ. ನಾನು ಕಕ್ಷಾಸನದ ಮೇಲೆ ಕುಳಿತೆ. ಬನವಾಸಿಯ ಮಂಟಪದ ಕಲ್ಲಿನ ತಂಪು ಹೇಗಿತ್ತೋ ಹಾಗೆಯೇ ಇತ್ತು. ಅಜ್ಜಿಯ ಕೈ ಹಿಡಿದು ಕುಳಿತ ಹಾಗಾಗಿ ಕಣ್ಣು ತುಂಬಿತು. ತಮ್ಮ ಕಂಡೂ ಕಾಣದಂತೆ ಹೊಳೆಯ ಕಡೆಗೆ ನಡೆದುಹೋದ.

ಹೊಳೆಯಿಂದ ಅವನು ಬಂದದ್ದು ಕಾಲಿಗೆ ಮೂರು ಉಂಬಳ ಅಂಟಿಸಿಕೊಂಡು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಅದು ಹೊಸತಲ್ಲ, ಆದರೆ ಸುಣ್ಣ ನಮ್ಮ ಬಳಿ ಇರಲಿಲ್ಲ. ರಿಕ್ಷಾದವರು ಊಟದ ಡಬ್ಬಿಯಿಂದ ಚಿಟಿಕೆ ಉಪ್ಪು ಕೊಟ್ಟರು. ಮಳೆಗಾಲದಲ್ಲಿ ಹೋಗುವವರು ಒಂದು ಪೊಟ್ಟಣ ಉಪ್ಪನ್ನು ಮರೆಯಬಾರದು. ಮೊಲೆಂನ ಖಾನಾವಳಿಯಲ್ಲಿ ಶ್ರಾವಣವಾದ್ದರಿಂದ ಮೀನಿಲ್ಲದ ಊಟವಿತ್ತು: ಬೇಳೆಯ ತೊವ್ವೆ, ಸೋಲ್‌ಕಡಿ, ಮತ್ತು 'ತಾಯ್ಕಿಳೊ' ಎಂಬ ಸೊಪ್ಪಿನ ಪಲ್ಯ. ಅದು ನಮ್ಮ ತಗಟೆ ಸೊಪ್ಪೇ. ಮೊದಲ ಮಳೆಗೆ ಚಿಗುರುವ ಆ ಸೊಪ್ಪಿಗೆ ಹಲಸಿನ ಬೀಜ ಹಾಕಿದ್ದರು. ಇನ್ನೊಮ್ಮೆ ಬಡಿಸಿಕೊಂಡೆ.

ಫೋಂಡಾಕ್ಕೆ ಮರಳಿದ ಕದಂಬದಲ್ಲಿ ನನ್ನ ಛತ್ರಿಯನ್ನು ಮರೆತು ಇಳಿದೆ. ಪಣಜಿಯ ಬಸ್ಸು ಹತ್ತುವಾಗಲೇ ನೆನಪಾಗಿ ಓಡಿಹೋಗಿ ನಿಲ್ದಾಣದ ಕಂಟ್ರೋಲರನ್ನು ಕೇಳಿದರೆ, ಅವರು ಮಾತಾಡದೆ ಮೇಜಿನ ಕೆಳಗಿನಿಂದ ಅದನ್ನು ತೆಗೆದುಕೊಟ್ಟರು. ನಿರ್ವಾಹಕರು ಒಪ್ಪಿಸಿ ಹೋಗಿದ್ದರಂತೆ. ಅದೇ ಮೇಜಿನ ಕೆಳಗೆ ಇನ್ನೂ ಏಳೆಂಟು ಛತ್ರಿಗಳು ತಮ್ಮವರಿಗಾಗಿ ಕಾಯುತ್ತಿದ್ದವು.

ನಾಲ್ಕನೆಯ ದಿನ: ಚೋರ್ಲಾ ಘಾಟಿ

ಮರಳುವ ದಾರಿಯನ್ನು ಬೇಕೆಂದೇ ಬೆಳಗಾವಿಯ ಮೇಲೆ ಇಟ್ಟುಕೊಂಡಿದ್ದೆ. ಪಣಜಿಯಿಂದ ಬೆಳಗಾವಿಗೆ ಕರ್ನಾಟಕದ ಬಸ್ಸೂ ಇದೆ, ಕದಂ‌ಬವೂ ಇದೆ. ಕದಂಬರ ಹೆಸರು ಕನ್ನಡದ ನೆಲವನ್ನು ಹೊಗುವುದನ್ನು ನಾನು ಕುಳಿತು ನೋಡಬೇಕಿತ್ತು. ಡಿಚೋಲಿ, ಸಾಂಖಳಿ, ಕೇರಿ ದಾಟಿದ ಮೇಲೆ ಏರು ಶುರು. ಮುಂಜಾನೆಯ ಬಸ್ಸಿನಲ್ಲಿ ಖಾಲಿ ಬುಟ್ಟಿಗಳ ಕಟ್ಟು ಹೊತ್ತ ತರಕಾರಿ ವ್ಯಾಪಾರಿಗಳು, ಬೆಳಗಾವಿಯ ಆಸ್ಪತ್ರೆಗೆ ಹೊರಟ ವಯಸ್ಸಾದ ದಂಪತಿಗಳು. ಹೊಟ್ಟೆ ತೊಳಸುವವರು ಮುಂದಿನ ಸಾಲುಗಳಲ್ಲಿ ಕುಳಿತು ಕಿಟಕಿಯನ್ನು ಬೆರಳಷ್ಟು ತೆರೆದಿಟ್ಟುಕೊಂಡರೆ ಈ ತಿರುವುಗಳು ಕಷ್ಟವಾಗುವುದಿಲ್ಲ.

ಘಾಟಿಯ ಮೇಲೆ ಮಂಜು ಬಸ್ಸಿನೊಳಗೂ ನುಗ್ಗಿತು. ಕಣಕುಂಬಿಯಲ್ಲಿ ಚಹಕ್ಕೆ ನಿಂತಾಗ ಮಲಪ್ರಭೆ ಹುಟ್ಟುವ ಊರಿನ ಮಳೆಯಲ್ಲಿ ನಾವು ನಿಂತಿದ್ದೆವು. ಹಿಂದಿನ ಎರಡು ದಿನ ಪಣಜಿಯಲ್ಲಿ ಕಂಡ ಮಾಂಡವಿಯೂ ಮಹದಾಯಿ ಎಂಬ ಹೆಸರಿನಲ್ಲಿ ಇದೇ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುತ್ತದೆ. ಒಂದೇ ತಾಲ್ಲೂಕಿನ ನೀರು, ಒಂದು ಪಡುವಣಕ್ಕೆ, ಒಂದು ಮೂಡಣಕ್ಕೆ. ಅಲ್ಲಿಯವರೆಗೆ "ಖಂಯ್ ವತಾ?" ಎಂದು ಕೊಂಕಣಿಯಲ್ಲಿ ಕೇಳುತ್ತಿದ್ದ ನಿರ್ವಾಹಕರು, ಕಣಕುಂಬಿಯಲ್ಲಿ ಹತ್ತಿದ ಶಾಲೆಯ ಹುಡುಗಿಯರನ್ನು "ಎಲ್ಲಿಗಿ ಹೊಂಟೀರಿ? ಜಾಂಬೋಟಿಗೇನು?" ಎಂದು ಸರಾಗವಾಗಿ ಕನ್ನಡದಲ್ಲಿ ಕೇಳಿದರು. ಎಲ್ಲಿ ಕಲಿತಿರಿ ಎಂದು ವಿಚಾರಿಸಿದಾಗ, "ಹನ್ನೊಂದು ವರ್ಷ ಇದೇ ರೂಟ್ ಬಾಯಿ, ಬಸ್ಸಲ್ಲೇ ಕಲಿತದ್ದು" ಎಂದರು.

ಬೆಳಗಾವಿಯ ನಿಲ್ದಾಣದಲ್ಲಿ ಬಸ್ಸು ವಾಯವ್ಯ ಸಾರಿಗೆಯ ಎರಡು ಬಸ್ಸುಗಳ ನಡುವೆ ಹೋಗಿ ನಿಂತಿತು. ಘಾಟಿಯ ಕೆಂಪು ಕೆಸರು ಕಿಟಕಿಯವರೆಗೆ ಮೆತ್ತಿತ್ತು. ಚಾಲಕರು ನಳದಿಂದ ಬಾಲ್ದಿ ನೀರು ತಂದು ಮುಂದಿನ ಗಾಜಿಗೆ ಎರಚಿ, ಉಳಿದದ್ದನ್ನು ಬದಿಯ ಸಿಂಹದ ಮೇಲೆ ಸುರಿದರು. ಇಪ್ಪತ್ತು ನಿಮಿಷಕ್ಕೆ ಫಲಕ ತಿರುಗಿ 'ಪಣಜಿ' ಆಯಿತು. ಮೂಟೆಗಳನ್ನು ಹೊತ್ತ ಒಂದು ಕುಟುಂಬ, ಕಂಕುಳಲ್ಲಿ ಮಗುವನ್ನು ಎತ್ತಿಕೊಂಡ ಹೆಂಗಸಿನೊಡನೆ, "ಕದಂಬ ಇದೇ ಏನ್ರಿ?" ಎಂದು ಕೇಳಿಕೊಂಡು ಹತ್ತಿತು. ಆ ರಾತ್ರಿ ನಮ್ಮನ್ನು ಕರೆದೊಯ್ದ ರೈಲಿನ ಹೆಸರು ಚಾಲುಕ್ಯ ಎಕ್ಸ್‌ಪ್ರೆಸ್. ತಮ್ಮ ಪುಣೆಯಲ್ಲಿ ಇಳಿದುಕೊಂಡ, ನಾನು ದಾದರದಲ್ಲಿ ಇಳಿದೆ.